ಬಾಹ್ಯಾಕಾಶಕ್ಕ ಹೋಗಿ ಬಂದವರ ರಕ್ತದಾಗ ಏನ್ ನೋಡ್ತಾರ್ರಿ?

ಆಳಂದ ಮಾಸ್ತರ:
ಎಲ್ಲರಿಗೂ ನಮಸ್ಕಾರ್ರಿ. ಆಳಂದ ತಾಲ್ಲೂಕಿನ ಹಳ್ಳಿ ಸಾಲಿಯಾಗ ವಿಜ್ಞಾನ ಕಲಿಸ್ತೀನಿ. ಶುಭಾಂಶು ಶುಕ್ಲಾ ಅವರು 2025ರ ಜುಲೈದಾಗ ಬಾಹ್ಯಾಕಾಶ ನಿಲ್ದಾಣದಿಂದ ವಾಪಸ್ ಬಂದದ್ದು ಮಕ್ಕಳಿಗೆ ತೋರಿಸಿದ್ದೆ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದವರ ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕಿ ಒಡೆದವು ಅಂದಾಗ ಒಂಬತ್ತನೇ ಇಯತ್ತೆ ಹುಡುಗಿ ಎದ್ದು ನಿಂತ್ಲು. "ಸರ, ಕಾಳಿನ ಮೊಳಕಿ ಕಣ್ಣಿಗೆ ಕಾಣ್ತದ. ಮನುಷ್ಯಾಗ ಒಳಗ ಏನಾತಂತ ಹ್ಯಾಂಗ ಗೊತ್ತಾಗ್ತದ್ರಿ?" ರಕ್ತ ತಗೊಂಡು ಕೆಂಪು ಕಣದಾಗಿನ ಹಿಮೋಗ್ಲೋಬಿನ್ ನೋಡ್ತಾರ ಅಂದೆ. "ಅದು ಸರಿ ಇದ್ರ ಏನೂ ಆಗಿಲ್ಲ ಅಂತೇನ್ರಿ?" ಅಂದ್ಲು. ಉತ್ತರ ಬರಲಿಲ್ಲ. ಸ್ಕಾಟ್ ಕೆಲ್ಲಿ ಅನ್ನೋ ನಾಸಾ ಯಾತ್ರಿ ವಯಸ್ಸು ಅಲ್ಲಿ ಕಡಿಮಿ ಆಗಿತ್ತಂತ, ಅದು ಖರೇನಾ? ತಿಳಿದವರು ಹೇಳ್ರಿ.

ಬೀದರ್ ಬಯೋಟೆಕ್:
ವಯಸ್ಸಿನ ಮಾತು ಖರೇ ಅಲ್ರಿ ಸರ. ಸ್ಕಾಟ್ 2015–16ರಾಗ 340 ದಿನ ಮ್ಯಾಲಿದ್ರು, ಅವರ ಅವಳಿ ಮಾರ್ಕ್ ಕೆಳಗ. ಇಬ್ಬರನ್ನೂ ಹೋಲಿಸಿದ ನಾಸಾ ವರದಿ 2019ರಾಗ ಬಂತು. ವರ್ಣತಂತುವಿನ ತುದಿಗೆ ಟೆಲೋಮಿಯರ್ ಅಂತ ಇರ್ತದ, ವಯಸ್ಸಾದಂಗ ಸಣ್ಣ ಆಗ್ತದ. ಸ್ಕಾಟ್‌ರ ಬಿಳಿ ರಕ್ತಕಣದಾಗ ಅದು ಅಲ್ಲಿ ಉದ್ದ ಆತು, ಇಳಿದ ಎರಡೇ ದಿನದಾಗ ಬಹುಪಾಲು ಮೊದಲಿನಂಗ ಆತು. ಮುಂದ ಗಿಡ್ಡ ಟೆಲೋಮಿಯರ್‌ಗಳ ಸಂಖ್ಯೆ ಮೊದಲಿಗಿಂತ ಜಾಸ್ತಿನೇ ಇತ್ತು. "7% ಡಿಎನ್ಎ ಬದಲಾತು" ಅಂತ ಹಬ್ಬಿದ್ದೂ ತಪ್ಪು. ಬದಲಾದದ್ದು ಯಾವ ಜೀನ್ ಎಷ್ಟು ಕೆಲಸ ಮಾಡ್ತದ ಅನ್ನೂದು. ಅದರಾಗೂ 90%ಕ್ಕಿಂತ ಜಾಸ್ತಿ ಆರು ತಿಂಗಳದಾಗ ಮೊದಲಿನಂಗ ಆತು.

ಲ್ಯಾಬ್ ಅಕ್ಕ, ಕಲಬುರಗಿ:
ಸರ, ಆ ಹುಡುಗಿ ಕೇಳಿದ್ದು ಭಾಳ ದೊಡ್ಡ ಮಾತು. ನಾ ಇಲ್ಲಿ 17 ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಹೋದ ಮೇ ತಿಂಗಳದಾಗ ಶಹಾಬಾದ್ ಕಡಿ ಕಲ್ಲು ಒಡಿಯೋ ಹೆಣ್ಣುಮಗಳೊಬ್ಬಾಕಿ ಬಿಸಲಿಗೆ ತಲಿ ತಿರುಗಿ ಬಿದ್ದು ಬಂದಿದ್ಲು. ಹಿಮೋಗ್ಲೋಬಿನ್ 11.2. ಎರಡು ಬಾಟ್ಲಿ ಸಲಾಯಿನ್ ಏರಿದ ಮ್ಯಾಲ ಮುಂಜಾನಿ 9.4. ಮನಿಯವರು "ನಿಮ್ಮ ಮಷೀನ್ ಕೆಟ್ಟದ" ಅಂತ ಜಗಳಕ್ಕ ನಿಂತ್ರು. ಮತ್ತ ಓಡಿಸಿದೆ, ಅಷ್ಟೇ ಬಂತು. ಮಷೀನ್ ಸರಿನೇ ಇತ್ತು. ಮೈಯಾಗಿನ ನೀರು ಬತ್ತಿ ರಕ್ತ ಗಟ್ಟಿ ಆಗಿತ್ತು, ಅದಕ್ಕ ಮೊದಲನೇ ಅಂಕಿ ಚೊಲೋ ಕಂಡಿತ್ತು. ಆಕಿಗೆ ರಕ್ತ ಮೊದಲಿಂದಲೇ ಕಡಿಮಿ.

ಬಾಹ್ಯಾಕಾಶದಾಗೂ ಹಿಂಗೇ ಆಗ್ತದ. ಕಾಲಾಗಿನ ನೀರು ತಲಿ ಕಡಿ ಏರ್ತದ, ದೇಹ ನೀರು ಜಾಸ್ತಿ ಆತಂತ ತಿಳಕೊಂಡು ರಕ್ತದ ನೀರಂಶ ಇಳಸ್ತದ. ಹಿಮೋಗ್ಲೋಬಿನ್ ಒಂದೇ ನೋಡಿದ್ರ ನಷ್ಟ ಅಡಗಿರ್ತದ. 2022ರ ಜನವರಿದಾಗ ಕೆನಡಾದ ಒಟ್ಟಾವಾದ ಸಂಶೋಧಕರು 14 ಯಾತ್ರಿಗಳ ಲೆಕ್ಕ ಕೊಟ್ರು. ಭೂಮಿ ಮ್ಯಾಲ ನಮ್ಮ ದೇಹ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ಒಡೀತದ, ಅಷ್ಟೇ ಹುಟ್ಟಸ್ತದ. ಆರು ತಿಂಗಳ ಯಾತ್ರೆದಾಗ ಒಡಿಯೂದು ಸುಮಾರು 30 ಲಕ್ಷಕ್ಕ ಹೋತು, ಸರಿಯಾಗಿ ಹೇಳಬೇಕಂದ್ರ 54% ಜಾಸ್ತಿ. ಇಳಿದಾಗ ರಕ್ತ ಕೊಟ್ಟ 13 ಮಂದ್ಯಾಗ 5 ಮಂದಿಗೆ ರಕ್ತಹೀನತೆ. ಒಂದು ವರ್ಷ ಕಳೆದ ಮ್ಯಾಲೂ ಕಣ ಒಡಿಯೂದು ಹೋಗೂ ಮೊದಲಿಗಿಂತ 30% ಮ್ಯಾಲೇ ಇತ್ತು.

ಅಳೆದದ್ದು ಹ್ಯಾಂಗ ಅನ್ನೂದು ನನಗ ಭಾಳ ಇಷ್ಟ ಆತು. ಉಸಿರಿನಿಂದ! ಹಿಮೋಗ್ಲೋಬಿನ್ ಒಳಗಿನ ಹೀಮ್ (ಕಬ್ಬಿಣ ಇರೋ ಭಾಗ) ಒಂದು ಮುರಿದ್ರ ಕಾರ್ಬನ್ ಮಾನಾಕ್ಸೈಡ್ ಒಂದು ಅಣು ಹೊರಗ ಬರ್ತದ. ಅದನ್ನ ಎಣಿಸಿದ್ರ ಮುರಿದ ಹೀಮ್ ಎಣಿಸಿದಂಗ. ಸೂಜಿ ಸರಿಯಾಗಿ ಚುಚ್ಚದಿದ್ರ ಏನಾಗ್ತದ ಅಂತ ನಮಗ ಗೊತ್ತದ: ಟ್ಯೂಬನ್ನ ಸೆಂಟ್ರಿಫ್ಯೂಜ್ ಅನ್ನೋ ಗರಗರ ತಿರುಗಿಸೋ ಮಷೀನಿಗೆ ಹಾಕಿ ತಗದ್ರ ಮ್ಯಾಲಿನ ನೀರು ಒಣ ಹುಲ್ಲಿನ ಬಣ್ಣ ಇರೂದು ಬಿಟ್ಟು ಕೋಕಂ ಶರಬತ್ತಿನಂಗ ಕೆಂಪಗಿರ್ತದ. ಕಣ ಒಡೆದದ್ದು ಮೈಯಾಗೋ ಟ್ಯೂಬಿನಾಗೋ ಅಂತ ಗೊಂದಲ ಆಗಿ ಮತ್ತ ರಕ್ತ ತಗೋಬೇಕಾಗ್ತದ. ಉಸಿರಿಗೆ ಆ ತೊಂದರಿ ಇಲ್ಲ.

ಎಲುಬಿಗೂ ಹಂಗೇ. ತಿಂಗಳಿಗೆ ಸೊಂಟದ ಎಲುಬು 1ರಿಂದ 1.5% ಸವೀತದ. ಸ್ಕ್ಯಾನ್‌ದಾಗ ಕಾಣಾಕ ತಡ ಆಗ್ತದ. ಎಲುಬಿನಾಗಿನ ಕೊಲಾಜನ್ ಅನ್ನೋ ಪ್ರೋಟೀನಿನ ಚೂರು, ಕ್ಯಾಲ್ಸಿಯಂ ಮೂತ್ರದಾಗ ಮೊದಲೇ ಏರ್ತಾವ. ಕಿಡ್ನಿ ಕಲ್ಲಿನ ಹೆದರಿಕಿ ಅದಕ್ಕೇ.

ಆಳಂದ ಮಾಸ್ತರ:
ಅಕ್ಕಾ, ಕಣ್ಣಿಗೆ ಕಟ್ಟಿದಂಗಾತು. ರಕ್ತ ಗಟ್ಟಿ ಆಗೂದು ಕ್ಲಾಸಿನಾಗ ತೋರಸಾಕ ದಾರಿ ಅದ ಏನ್ರಿ?

ಲ್ಯಾಬ್ ಅಕ್ಕ, ಕಲಬುರಗಿ:
ಅದ ಸರ, ತೊಗರಿ ಸಾಕು. 10 ಲೋಟ ನೀರಿಗೆ 100 ಕಾಳು ಹಾಕ್ರಿ. ಲೋಟಕ್ಕ 10 ಕಾಳು. 20 ಕಾಳು, 2 ಲೋಟ ನೀರು ತಗೀರಿ. 80 ಕಾಳು, 8 ಲೋಟ, ಲೆಕ್ಕ ಅದೇ 10. ಇದು ಮ್ಯಾಲಿದ್ದಾಗಿನ ರಿಪೋರ್ಟ್. ಈಗ 2 ಲೋಟ ನೀರು ವಾಪಸ್ ಹಾಕ್ರಿ, 8ಕ್ಕ ಇಳೀತದ. ಇದು ಇಳಿದ ಮ್ಯಾಲಿಂದು. ಯಾತ್ರಿಗಳ ರಕ್ತ ಹೋಗೂ ಮೊದಲೇ ತಗೊಂಡು ಇಟ್ಟಿರ್ತಾರ. ನೀವೂ ಮೊದಲಿನ ಎಣಿಕಿ ಆ ಹುಡುಗಿ ಕೈಲೇ ಬೋರ್ಡ್ ಮ್ಯಾಲ ಬರಿಸ್ರಿ, ಕಡೀತನಕ ಒರಸಬ್ಯಾಡ್ರಿ.

ಆಳಂದ ಮಾಸ್ತರ:
ಸೋಮವಾರ ಮಾಡ್ತೀವಿ. ಕಾಳು ಆಕಿನೇ ಹೊಲದಿಂದ ತರ್ತಾಳಂತ.