ಅಮೆರಿಕನ್ ಫುಟ್‌ಬಾಲ್: ಔಟ್‌ಸೈಡ್ ಝೋನ್ ಕರೆದಾಗಲೆಲ್ಲ ಎರಡು ಗಜ ನಷ್ಟ, ಎಲ್ಲಿ ತಪ್ತಿದೆ?

ಎಡಿಸನ್_72: ತಲೆ ಕೆಟ್ಟುಹೋಗಿದೆ. ಔಟ್‌ಸೈಡ್ ಝೋನ್‌ನಲ್ಲಿ (ಲೈನ್ ಇಡೀ ಒಂದೇ ಕಡೆ ಸರಿದು ಹೊರಬದಿಗೆ ಓಡಿಸೋ ಆಟ) ರನ್ನಿಂಗ್ ಬ್ಯಾಕ್, ಅಂದ್ರೆ ಓಡೋನ ಕೈಗೆ ಬಾಲ್ ಬರೋಷ್ಟರಲ್ಲಿ ಎದುರಾಳಿ ಒಬ್ಬ ಒಳಗೆ ನುಗ್ಗಿರ್ತಾನೆ. ಓಟದ ಕಡೆಯ ಬ್ಲಾಕ್‌ಗಳು ವಿಡಿಯೋದಲ್ಲಿ ಚೆನ್ನಾಗೇ ಕಾಣ್ತಿವೆ, ಹುಡುಗರಿಗೆ ಬಲವೂ ಇದೆ. ನ್ಯೂಜೆರ್ಸಿ ಹೈಸ್ಕೂಲ್ ತಂಡ. ಶನಿವಾರದೊಳಗೆ ಏನು ಬದಲಾಯಿಸಲಿ?

ಲೈನ್_ಮೇಷ್ಟ್ರು: ಮೊದಲ ಹೆಜ್ಜೆ ನೋಡಿ. ಓಟದ ಕಡೆಯ ಕಾಲು ಆರು ಇಂಚು ಹಿಂದಕ್ಕೂ ಪಕ್ಕಕ್ಕೂ ಹೋಗಬೇಕು. ಎರಡನೆಯದು ಎದುರಾಳಿಯ ಎರಡು ಕಾಲುಗಳ ನಡುವೆ ಬೀಳಬೇಕು. ಮೊದಲ ಹೆಜ್ಜೆ ಮುಂದಕ್ಕೆ ಹೋದರೆ ರೀಚ್ ಬ್ಲಾಕ್ (ಎದುರಾಳಿಯ ಆಚೆ ಬದಿಗೆ ದಾಟಿ ತಡೆಯೋದು) ಸಿಗೋದೇ ಇಲ್ಲ.

ಧಾರವಾಡ_ಡಲಾಸ್: ಹೆಜ್ಜಿ ಬಿಡ್ರಿ. ಬ್ಯಾಕ್‌ಸೈಡ್ (ಓಟದ ವಿರುದ್ಧ ಕಡಿ) ಟ್ಯಾಕಲ್‌ಗೆ, ಅಂದ್ರ ಲೈನಿನ ತುದಿಯಾಂವಗ, ಕಟ್ ಬ್ಲಾಕ್ ಕಲಸ್ರಿ, ಕಾಲಿಗೆ ಬಿದ್ರ ಆಂವ ಹೆಂಗ ಬರ್ತಾನ? ಲೈನ್ ಕೋಚ್ ಅಲೆಕ್ಸ್ ಗಿಬ್ಸ್ ಎನ್‌ಎಫ್‌ಎಲ್ ತಂಡ ಡೆನ್ವರ್‌ದಾಗ ಇದನ್ನ ಮಾಡಿಸಿದ್ದು. 1998ರಾಗ ರನ್ನಿಂಗ್ ಬ್ಯಾಕ್ ಟೆರೆಲ್ ಡೇವಿಸ್ 2008 ಗಜ ಓಡಿದ್ದು ಅದ ಲೈನಿನ ಹಿಂದ.

ಗ್ಯಾಪ್_ಗೌಡ: ನಿಮ್ಮ ಟೆಕ್ಸಾಸ್ ಹೈಸ್ಕೂಲ್‌ಗಳು ಎನ್‌ಸಿಎಎ (ಕಾಲೇಜು) ನಿಯಮದಲ್ಲಿ ಆಡ್ತವೆ, ನ್ಯೂಜೆರ್ಸಿಯದು ಎನ್‌ಎಫ್‌ಎಚ್‌ಎಸ್ (ಹೈಸ್ಕೂಲ್ ಸಂಘ). ಅಲ್ಲಿ 2021ರಿಂದ ಲೈನ್‌ಮನ್ ಸೊಂಟದ ಕೆಳಗೆ ಬ್ಲಾಕ್ ಮಾಡೋದಾದರೆ ಸ್ನ್ಯಾಪ್ (ಬಾಲ್ ಹಿಂದಕ್ಕೆ ಕೊಡೋದು) ಆದ ತಕ್ಷಣ ಮಾಡಬೇಕು. ಎರಡು ಹೆಜ್ಜೆ ಓಡಿಬಂದು ಕಾಲಿಗೆ ಬಿದ್ದರೆ 15 ಗಜ ದಂಡ.

ಎಡಿಸನ್, ಎದುರಿಗೆ ಯಾವ ಫ್ರಂಟ್ (ಡಿಫೆನ್ಸ್‌ನ ಮುಂಸಾಲು)? ಶಾಟ್‌ಗನ್ನಾ, ಕ್ವಾರ್ಟರ್‌ಬ್ಯಾಕ್ ಹಿಂದೆ ನಿಂತು ಬಾಲ್ ತಗೊಳ್ಳೋದಾ? ನುಗ್ಗೋನು ಯಾರು?

ಧಾರವಾಡ_ಡಲಾಸ್: ಬಾಲ್ ಫ್ರೀ ಬ್ಲಾಕಿಂಗ್ ಝೋನ್ (ಸ್ನ್ಯಾಪ್ ಸುತ್ತಲಿನ ಜಾಗ) ಒಳಗ ಇರೋತನ ಕಾಲಿಗೆ ಬೀಳೋದು ನಡೀತೈತಲ್ರೀ.

ಗ್ಯಾಪ್_ಗೌಡ: ಅದು ಹಳೇ ನಿಯಮ.

ಲೈನ್_ಮೇಷ್ಟ್ರು: ಫ್ರಂಟ್ ಯಾವುದಾದರೂ ಹೆಜ್ಜೆ ಹೆಜ್ಜೆಯೇ. ಲೈನಿನ ಅಂತರ ಎಷ್ಟು ಇಟ್ಟಿದ್ದೀರಿ?

ಎಡಿಸನ್_72: ಎಲ್ಲ ಕಡೆ ಎರಡಡಿ. ಹೆಜ್ಜೆ ನಿಲ್ಲಿಸಿ ನಿಲ್ಲಿಸಿ ನೋಡಿದೆ ಮೇಷ್ಟ್ರೆ, ಸರಿ ಇದೆ. ಶಾಟ್‌ಗನ್ನೇ, ಈಗ ಎಲ್ಲರೂ ಅದೇ ತಾನೆ? ಎದುರಿಗೆ ನಾಲ್ಕು ಜನರ ಫ್ರಂಟ್. ಬ್ಯಾಕ್ ಎಡಕ್ಕೆ ನಿಂತು ಬಲಕ್ಕೆ ಓಡ್ತಾನೆ. ಥ್ರೀ ಟೆಕ್ (ಗಾರ್ಡ್ ಎದುರಿನ ಡಿಫೆನ್ಸ್‌ನವನು) ಯಾವಾಗಲೂ ಎಡಕ್ಕೇ ಬಂದು ನಿಲ್ತಾನೆ, ಒಳಗೆ ಬರೋನೂ ಅವನೇ.

ಗ್ಯಾಪ್_ಗೌಡ: ಈ ಮಾಹಿತಿಯೇ ಬೇಕಿತ್ತು. ನಿಮ್ಮ ಎಡ ಗಾರ್ಡ್ (ಸೆಂಟರ್ ಪಕ್ಕದವನು) ಲೈನ್‌ಬ್ಯಾಕರ್ (ಮುಂಸಾಲಿನ ಹಿಂದಿನ ಎದುರಾಳಿ) ಕಡೆ ಬೇಗ ಹೊರಡ್ತಿದ್ದಾನೆ. ಥ್ರೀ ಟೆಕ್ ನಿಂತಿರೋದು ಗಾರ್ಡ್‌ನ ಹೊರ ಭುಜದ ಮೇಲೆ. ಗಾರ್ಡ್ ಬಲಕ್ಕೆ ಸರಿದ ಕೂಡಲೇ ಬಿ ಗ್ಯಾಪ್ (ಗಾರ್ಡ್-ಟ್ಯಾಕಲ್ ನಡುವಿನ ಸಂದು) ಬಾಗಿಲು ತೆಗೆದಿಟ್ಟಂತೆ, ಟ್ಯಾಕಲ್ ಅಲ್ಲಿಗೆ ಮುಟ್ಟೋದರೊಳಗೆ ಅವನು ಒಳಗೆ.

ಗಾರ್ಡ್‌ನ ಎಡಗೈ ಥ್ರೀ ಟೆಕ್‌ನ ಒಳ ಎದೆಯ ಮೇಲೆ ಇರಲಿ, ಟ್ಯಾಕಲ್‌ನ ತಲೆ ಅವನ ಒಳಬದಿಗೆ ದಾಟೋವರೆಗೂ ತೆಗೆಯೋದು ಬೇಡ. ಲೈನ್‌ಬ್ಯಾಕರ್ ತಪ್ಪಿಸಿಕೊಂಡರೂ ನಾಲ್ಕು ಗಜ ಸಿಗುತ್ತೆ, ಥ್ರೀ ಟೆಕ್ ತಪ್ಪಿಸಿಕೊಂಡರೆ ಆಟವೇ ಇಲ್ಲ. ಆ ಕಡೆ ಟ್ಯಾಕಲ್ ಅಂತರ 18 ಇಂಚಿಗೆ ಇಳಿಸಿ. ಥ್ರೀ ಟೆಕ್ ಗಾರ್ಡ್ ಮುಂದೆಯೇ ಒಳಗೆ ಅಡ್ಡ ಬಂದರೆ ಗಾರ್ಡೇ ಅವನನ್ನು ಇಟ್ಟುಕೊಳ್ಳಲಿ, ಟ್ಯಾಕಲ್ ಲೈನ್‌ಬ್ಯಾಕರ್ ಮೇಲೆ ಹೋಗಲಿ. ಹೊರಗೆ ಉಳಿಯೋ ಎಂಡ್‌ನನ್ನು (ಮುಂಸಾಲಿನ ತುದಿಯವನು) ಕ್ವಾರ್ಟರ್‌ಬ್ಯಾಕ್ ಓದಬೇಕು: ಅವನ ನಡೆ ನೋಡಿ ಬಾಲ್ ಕೊಡೋದಾ, ಇಟ್ಟುಕೊಳ್ಳೋದಾ ಅಂತ.

ಇನ್ನೊಂದು: ಬ್ಯಾಕ್ ನಿಂತ ಜಾಗ ನೋಡಿಯೇ ಅವರು ಥ್ರೀ ಟೆಕ್ ಇಡ್ತಿದ್ದಾರೆ. ಪಿಸ್ಟಲ್‌ಗೆ ಹೋಗಿ: ಕ್ವಾರ್ಟರ್‌ಬ್ಯಾಕ್ ನಾಲ್ಕು ಗಜ ಹಿಂದೆ, ಬ್ಯಾಕ್ ಅವನಿಂದ ಮೂರು ಗಜ ಹಿಂದೆ. ಕೋಚ್ ಕ್ರಿಸ್ ಆಲ್ಟ್ 2005ರಲ್ಲಿ ನೆವಾಡಾ ವಿಶ್ವವಿದ್ಯಾಲಯದಲ್ಲಿ ತಂದದ್ದು ಇದನ್ನೇ. ಓಟ ಯಾವ ಕಡೆ ಅನ್ನೋ ಸುಳಿವೇ ಸಿಗಲ್ಲ.

ಧಾರವಾಡ_ಡಲಾಸ್: ನಮ್ಮಲ್ಲಿ ಏಳು ಪ್ಯಾಡ್‌ನ ಸ್ಲೆಡ್ (ತಳ್ಳೋ ಬಂಡಿ) ಐತಿ, ದಿನಾ ತಳ್ಳಸ್ತೀವಿ. ಝೋನ್ ಬಿಟ್ಟು ಕೌಂಟರ್ ಹಾಕ್ರಿ. ಗಾರ್ಡ್ ಎಂಡ್‌ನ ಹೊರಗ ದೂಡ್ತಾನ, ಟ್ಯಾಕಲ್ ಸುತ್ತಿ ಲೈನ್‌ಬ್ಯಾಕರ್ ಮ್ಯಾಲ.

ಲೈನ್_ಮೇಷ್ಟ್ರು: ಸ್ಲೆಡ್ ನೇರ ತಳ್ಳೋದು ಕಲಿಸುತ್ತೆ, ಅಡ್ಡ ಹೆಜ್ಜೆ ಅಲ್ಲ. ನಾಳೆಯ ಅಭ್ಯಾಸದಲ್ಲೂ ಮೊದಲು ಹೆಜ್ಜೆಯನ್ನೇ ನೋಡಿ.

ಎಡಿಸನ್_72: ಕೌಂಟರ್ ಕಲಿಸೋಕೆ ಟೈಮಿಲ್ಲ. ನಮ್ಮ ಎಡ ಟ್ಯಾಕಲ್ ನಿಧಾನ, 18 ಇಂಚಿಗೂ ಮುಟ್ಟದಿದ್ದರೆ?

ಗ್ಯಾಪ್_ಗೌಡ: ಆಗ ಆ ಥ್ರೀ ಟೆಕ್‌ನನ್ನು ಟ್ರ್ಯಾಪ್ ಮಾಡಿ. ಎಡ ಗಾರ್ಡ್ ಈಗಿನ ಹಾಗೇ ಒಳಗಿಂದ ಲೈನ್‌ಬ್ಯಾಕರ್ ಕಡೆ ಹೋಗಲಿ, ಸೆಂಟರ್ ಬಲಗಡೆಯ ನೋಸ್‌ನನ್ನು (ತನ್ನ ಎದುರಿನವನು) ತಡೆಯಲಿ, ಬಲ ಗಾರ್ಡ್ ಎಳೆದುಕೊಂಡು ಬಂದು ಥ್ರೀ ಟೆಕ್‌ನನ್ನು ಹೊರಕ್ಕೆ ದೂಡಲಿ. ಅವನ ಕಣ್ಣಿಗೆ ಅದು ಔಟ್‌ಸೈಡ್ ಝೋನೇ, ನುಗ್ಗಿಯೇ ನುಗ್ತಾನೆ. ಎರಡು ಸಲ ಪೆಟ್ಟು ತಿಂದ ಮೇಲೆ ಸ್ನ್ಯಾಪ್‌ಗೆ ಅರೆಗಳಿಗೆ ತಡೆದು ನೋಡ್ತಾನೆ, ನಿಮ್ಮ ಟ್ಯಾಕಲ್‌ಗೆ ಅಷ್ಟು ಸಾಕು.