ಗರ್ಭ ತಡೆಯುವ ಗುಳಿಗೆ, ಹಾರ್ಟ್ ಅಟ್ಯಾಕ್: ತಗೊಂಡವರು ಸ್ವಲ್ಪ ಹೇಳ್ರಿ

ಹುಬ್ಬಳ್ಳಿ ವಿದ್ಯಾನಗರದಿಂದ:
ನನಗೆ 36. ಎರಡನೇ ಮಗು ಆದ ಮೇಲೆ ನಾಲ್ಕು ವರ್ಷದಿಂದ ಗುಳಿಗೆ ತಗೊಳ್ಳುತ್ತಿದ್ದೇನೆ. ಹೋದ ವಾರ ನಮ್ಮ ಓಣಿಯಲ್ಲಿ 41 ವಯಸ್ಸಿನ ಒಬ್ಬರಿಗೆ ಹಾರ್ಟ್ ಅಟ್ಯಾಕ್ ಆಯಿತು. ಅವರೂ ಇಂಥದ್ದೇ ಗುಳಿಗೆ ನುಂಗುತ್ತಿದ್ದರಂತೆ. ಅವತ್ತಿನಿಂದ ಪಾಕೀಟು ಕಂಡರೆ ಭಯ. ನನಗೆ ಸಿಗರೇಟ್ ಇಲ್ಲ, ಶುಗರ್ ಇಲ್ಲ. ಅವ್ವನಿಗೆ ಬಿಪಿ ಇದೆ. ಬಿಟ್ಟುಬಿಡಲಾ? ಮನೆಯವರನ್ನು ಕೇಳಿದರೆ "ನಿನಗೆ ಹೆಂಗ ಬೇಕೋ ಹಂಗ ಮಾಡು" ಅಂತಾರೆ.

ಧಾರವಾಡದಿಂದ:
ಅಕ್ಕಾ, ಅವ್ವನ ಬಿಪಿ ಬರೆದಿರಿ, ನಿಮ್ಮದು ಎಷ್ಟು? ನಾನೂ ಹೀಗೇ ಇದ್ದೆ. ಆರು ವರ್ಷ ಯಜಮಾನರು ಔಷಧಿ ಅಂಗಡಿಯಿಂದ ತಂದರು, ನಾನು ನುಂಗಿದೆ. ಬಿಪಿ ನೋಡಿಸು ಅಂತ ಒಬ್ಬರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಮಗಳ ಶಾಲೆಯಲ್ಲಿ ಆರೋಗ್ಯ ಶಿಬಿರ ಇತ್ತು, ಸುಮ್ನೆ ಕೈ ಚಾಚಿದೆ. 158/98! ಮೂರು ದಿನ ಬಿಟ್ಟು ನೋಡಿದರೂ ಅಷ್ಟೇ. ಡಾಕ್ಟರ್ ಗುಳಿಗೆ ನಿಲ್ಲಿಸಿ ಕಾಪರ್-ಟಿ ಹಾಕಿದರು. ನಾಲ್ಕು ತಿಂಗಳಿಗೆ 134ಕ್ಕೆ ಬಂತು. ಇನ್ನೂ ಇಳಿಯಬೇಕು, ಆದರೆ ರೊಟ್ಟಿ ಜೊತೆ ಉಪ್ಪಿನಕಾಯಿ ಬಿಡಲು ಆಗುತ್ತಿಲ್ಲ. ಇನ್ನೊಂದು ಮಾತು. ಸಿಗರೇಟ್ ಇಲ್ಲ ಅಂತ ನಮ್ಮತ್ತೆಯೂ ಹೇಳುತ್ತಾರೆ, ಬಾಯಲ್ಲಿ ತಂಬಾಕು ಇಟ್ಟುಕೊಂಡೇ. ಅಂಥ ರೂಢಿ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಗದಗಿನಿಂದ, ನಾನು ನರ್ಸ್:
ಮಾಲಾ-ಎನ್ ತರಹದ ಗುಳಿಗೆಯಲ್ಲಿ ಎರಡು ಹಾರ್ಮೋನ್ ಇರುತ್ತವೆ. ಅದರಲ್ಲಿ ಈಸ್ಟ್ರೋಜನ್ ಅನ್ನೋದು ರಕ್ತ ಹೆಪ್ಪುಗಟ್ಟುವುದನ್ನು ಜಾಸ್ತಿ ಮಾಡುತ್ತದೆ. ಕೆಲವರಿಗೆ ಬಿಪಿಯೂ ಏರುತ್ತದೆ. ಡೆನ್ಮಾರ್ಕಿನ 20 ಲಕ್ಷಕ್ಕೂ ಹೆಚ್ಚು ಹೆಂಗಸರ ಲೆಕ್ಕ 2025ರಲ್ಲಿ ಹೊರಬಂತು. ಇಂಥ ಗುಳಿಗೆ ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್ ಸುಮಾರು ದುಪ್ಪಟ್ಟು. ದುಪ್ಪಟ್ಟು ಅಂದಕೂಡಲೇ ಎದೆ ಝಲ್ ಅನ್ನುತ್ತದೆ, ಅಲ್ವಾ? ಬಿಡಿಸಿ ನೋಡಿದರೆ, 10,000 ಹೆಂಗಸರು ಒಂದು ವರ್ಷ ನುಂಗಿದರೆ ಒಂದು ಅಟ್ಯಾಕ್ ಹೆಚ್ಚಾಗುತ್ತದೆ. ಪಾರ್ಶ್ವವಾಯು 4,760 ಜನರಿಗೆ ಒಂದು ಹೆಚ್ಚು. ವಯಸ್ಸು 35 ದಾಟಿ ಸಿಗರೇಟ್ ಸೇದುವವರಿಗೆ, ಬಿಪಿ ಇರುವವರಿಗೆ, ಕಣ್ಣೆದುರು ಮಿಂಚು ಹೊಡೆದು ಮೈಗ್ರೇನ್ ಬರುವವರಿಗೆ ಮಾತ್ರ ಇದು ಹುಡುಗಾಟ ಅಲ್ಲ. ಬಿಪಿ 140/90 ದಾಟಿದರೆ ಸಾಮಾನ್ಯವಾಗಿ ಈ ಗುಳಿಗೆ ಬೇಡ ಅಂತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಛಾಯಾ ಅನ್ನೋ ಬೇರೆ ಗುಳಿಗೆ ಕೊಡುತ್ತಾರೆ, ಅದರಲ್ಲಿ ಹಾರ್ಮೋನ್ ಇಲ್ಲ. ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು.
ಮತ್ತೆ, ಎದೆ ಬಿಗಿದು ದವಡೆಗೋ ಬೆನ್ನಿಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ, ಗ್ಯಾಸ್ ಅಂತ ಅಜವಾನ ಜಗಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ.

ಹಾವೇರಿಯಿಂದ:
ಹೆದರಿ ಸುಮ್ನೆ ಬಿಟ್ಟು ಕೂರಬೇಡಿ ಅಕ್ಕಾ. ನಾನು ಬಿಟ್ಟೆ, ಬದಲಿಗೆ ಏನೂ ಮಾಡಲಿಲ್ಲ. ನನ್ನ ಮೂರನೆಯವಳು ಈಗ ಅಂಗನವಾಡಿಗೆ ಹೋಗುತ್ತಾಳೆ. ರಕ್ತ ಹೆಪ್ಪುಗಟ್ಟುವ ಅಪಾಯ ಗುಳಿಗೆಗಿಂತ ಬಸುರಿನಲ್ಲೇ ಜಾಸ್ತಿ ಅಂತ ಡಾಕ್ಟರ್ ಹೇಳಿದ್ದು ಆಮೇಲೆ.

ಮತ್ತೆ ವಿದ್ಯಾನಗರದಿಂದ:
ಇವತ್ತು ನೋಡಿಸಿದೆ. 144/92. ಬುಧವಾರ ಮತ್ತೆ ನೋಡುತ್ತಾರಂತೆ, ಗುಳಿಗೆ ಪಾಕೀಟನ್ನೂ ತರಲು ಹೇಳಿದ್ದಾರೆ. ಅಲ್ಲಿಯವರೆಗೆ ಗುಳಿಗೆ ಬೇಡ, ನಿರೋಧ್ ಬಳಸಿ ಅಂದರು. ಈಗ ಮನೆಯವರ ಪಾಳಿ.