ಸಹಾಯ ಬೇಕು: ಲಂಗರಿನ ಸರಪಳಿ ಹವಳಕ್ಕೆ ತಾಗದಂತೆ ಫ್ಲೋಟ್ ಕಟ್ಟುವುದು

ನಮಸ್ಕಾರರೀ ಎಲ್ಲಾರಿಗೂ. ಬೆಳಗಾವಿಯ ನಾವು ಐದು ಮಂದಿ ಹಾಯಿದೋಣಿಯಲ್ಲಿ ಲಕ್ಷದ್ವೀಪಕ್ಕೆ ಹೊರಡುವ ತಯಾರಿಯಲ್ಲಿದ್ದೇವೆ. ಲಂಗರು ಹಾಕುವುದು ಬರೇ ಮರಳಿನ ಮೇಲೆ, ಅದರಲ್ಲಿ ಎರಡು ಮಾತಿಲ್ಲ. ತೊಡಕು ಸರಪಳಿಯದು: ಗಾಳಿ ತಿರುಗಿದಾಗ ನೆಲದ ಮೇಲೆ ಉಜ್ಜಾಡಿ ಸುತ್ತಲಿನ ಹವಳ ಮುರಿಯುತ್ತದೆ.

ನೀರು 5 ಮೀಟರ್, ದೋಣಿಯ ಮೂತಿ 1 ಮೀಟರ್ ಎತ್ತರ. ಎರಡೂ ಸೇರಿ 6 ಮೀಟರ್, ಅದರ ಐದು ಪಟ್ಟು ಅಂದರೆ 30 ಮೀಟರ್ ಸರಪಳಿ. ಲಂಗರಿನ ಬಳಿಯ 10 ಮೀಟರ್ ಮರಳಲ್ಲೇ ಮಲಗಿರಬೇಕು, ಇಲ್ಲದಿದ್ದರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತುಬರುತ್ತದೆ. ಅಲ್ಲಿಂದಾಚೆ ಸರಪಳಿಯನ್ನು ನೆಲದಿಂದ ಎತ್ತಿಹಿಡಿಯಲು 5 ಮೀಟರಿಗೊಂದು ಫ್ಲೋಟ್ (ತೇಲುವ ಬುರುಡೆ). 8 ಮಿ.ಮೀ. ಸರಪಳಿ ನೀರೊಳಗೆ ಮೀಟರಿಗೆ ಸುಮಾರು 1.2 ಕೆಜಿ ತೂಗುವುದರಿಂದ ಒಂದೊಂದು ಫ್ಲೋಟ್ 6 ಕೆಜಿ ಎತ್ತಬೇಕು.

ಕಾರವಾರ, ಮಲ್ಪೆ ಕಡೆ ಬಲೆಗೆ ಕಟ್ಟುವ ಗಟ್ಟಿ ಫ್ಲೋಟ್‌ಗಳು ಇಷ್ಟು ಭಾರ ತಡೆಯುತ್ತವೆಯೇ? ಲಂಗರು ಎತ್ತುವಾಗ ಒದ್ದೆ ಕೈಯಲ್ಲಿ ಥಟ್ಟನೆ ಬಿಚ್ಚಲು ಎಂಥ ಕೊಕ್ಕೆ ಬೇಕು? ಬಳಸಿದವರು ಅಳತೆ ಸಮೇತ ತಿಳಿಸಿರಿ.